ಮಣ್ಣು ಮಾಡಿದವನೇ ವಾರಸುದಾರ

ವಕೀಲೆ: ನೀವು ಕೊಟ್ಟ ಅನುವಾದ ಪೂರ್ತಿ ಓದಿದೆ ಮೇಷ್ಟ್ರೇ. ರಾಜನ ಕೊಲೆಸಂಚಿನ ವಿಚಾರಣೆ ಅಂದಾಗ ಸಾಕ್ಷಿಗಳ ಹೇಳಿಕೆ ಇರುತ್ತೆ, ಪಾಟೀಸವಾಲು ಇರುತ್ತೆ ಅಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಆರೋಪಿಯ ಹೆಸರು, ಹಿಂದೆ ಇದ್ದ ಹುದ್ದೆ, ಮಾಡಿದ ಅಪರಾಧ, ಶಿಕ್ಷೆ ಆಯಿತು ಅನ್ನೋ ಮಾತು. ಮುಂದಿನ ಆರೋಪಿ, ಮತ್ತೆ ಅದೇ ಧಾಟಿ. ಎಲ್ಲಕ್ಕಿಂತ ವಿಚಿತ್ರ ಅಂದರೆ, ರಾಜ ಸತ್ತನೋ ಬದುಕಿದನೋ ಅನ್ನೋದನ್ನೇ ಎಲ್ಲೂ ಬರೆದಿಲ್ಲ. ಕೊಲೆಯೋ ಕೊಲೆಯ ಪ್ರಯತ್ನವೋ ಅಂತ ಹೇಳದೆ ಇಷ್ಟು ಜನರಿಗೆ ಶಿಕ್ಷೆ ಕೊಟ್ಟಿದ್ದಾರೆ.

ಮೇಷ್ಟ್ರು: ಅದೇ ಪ್ರಶ್ನೆ ಇಟ್ಟುಕೊಂಡು ವಿದ್ವಾಂಸರು ನೂರು ವರ್ಷಕ್ಕೂ ಹೆಚ್ಚು ಕಾಲ ವಾದ ಮಾಡಿದ್ದಾರೆ. ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿರುವ ಆ ಪಪೈರಸ್ ಸುರುಳಿಯಲ್ಲಿ ಮಾತಾಡೋದು ಈಜಿಪ್ಟಿನ ರಾಜ, ಸ್ವತಃ ಮೂರನೇ ರಾಮ್ಸೆಸ್. ವಿಚಾರಣೆಗೆ ಹನ್ನೆರಡು ಜನ ಅಧಿಕಾರಿಗಳನ್ನು ನೇಮಿಸ್ತಾನೆ. ಅನ್ಯಾಯವಾಗಿ ಯಾರಿಗೂ ಶಿಕ್ಷೆ ಆಗದ ಹಾಗೆ ನೋಡಿಕೊಳ್ಳಿ ಅಂತ ಎಚ್ಚರಿಕೆಯನ್ನೂ ಕೊಡ್ತಾನೆ. ಆಮೇಲೆ ಒಂದು ಮಾತು ಬರುತ್ತೆ. ಅವರು ಮಾಡಿದ್ದು ಅವರ ತಲೆಗೇ ಬರಲಿ, ನಾನಂತೂ ಅಮೋನ್ ರೇ ದೇವರ ಮುಂದೆ, ಓಸಿರಿಸ್ ಮುಂದೆ, ನ್ಯಾಯವಂತ ರಾಜರ ಸಾಲಿನಲ್ಲಿದ್ದೇನೆ ಅನ್ನೋ ಅರ್ಥದ್ದು. ಓಸಿರಿಸ್ ಸತ್ತವರ ಲೋಕದ ಒಡೆಯ. ಜೀವಂತ ಫೇರೋ ತನ್ನ ಜಾಗ ಅಲ್ಲಿದೆ ಅಂತ ಹೇಳಿಕೊಳ್ಳಲ್ಲ.

ವಕೀಲೆ: ಅಂದರೆ ಇಲ್ಲಿ ದೂರುದಾರನೇ ಶವ.

ಮೇಷ್ಟ್ರು: ಶವದ ಬಾಯಲ್ಲಿ ಮಾತು ಆಡಿಸಿರೋದು ಮಗ, ನಾಲ್ಕನೇ ರಾಮ್ಸೆಸ್. ಈಜಿಪ್ಟಿನಲ್ಲಿ ಇದು ಹೊಸದೇನಲ್ಲ. ಇದಕ್ಕೆ ಸುಮಾರು ಎಂಟುನೂರು ವರ್ಷ ಮೊದಲು 12ನೇ ರಾಜವಂಶದ ಮೊದಲ ರಾಜ ಅಮೆನೆಮ್ಹೆತ್ ಇದ್ದ. ಅವನು ಮಗ ಸೆನುಸ್ರೆತ್‌ಗೆ ಬುದ್ಧಿ ಹೇಳುವ ರೀತಿಯ ಒಂದು ಕೃತಿ ಉಳಿದಿದೆ. ರಾತ್ರಿ ಊಟ ಮುಗಿಸಿ ಮಲಗಿದ್ದಾಗ ಕಾವಲಿನವರೇ ಆಯುಧ ಎತ್ತಿಕೊಂಡು ತನ್ನ ಮೇಲೆ ಬಿದ್ದರು ಅಂತ ಅದರಲ್ಲಿ ರಾಜನೇ ಹೇಳಿಕೊಳ್ತಾನೆ, ತಮ್ಮನನ್ನೂ ಗೆಳೆಯನನ್ನೂ ನಂಬಬೇಡ ಅಂತ ಮಗನಿಗೆ ಹೇಳ್ತಾನೆ. ಲಿಪಿಕಾರರಾಗಲು ಕಲಿಯೋ ಹುಡುಗರು ಶತಮಾನಗಳ ಕಾಲ ಅದನ್ನು ನಕಲು ಮಾಡಿ ಕೈ ತಿದ್ದಿಕೊಂಡಿದ್ದಾರೆ. ತಂದೆಯ ಕೊಲೆ ಅಲ್ಲಿ ಅಕ್ಷರಾಭ್ಯಾಸದ ಪಾಠ.

ವಕೀಲೆ: ಮತ್ತು ಆ ಪಾಠದಿಂದ ಲಾಭ ಆಗಿದ್ದು ಸೆನುಸ್ರೆತ್‌ಗೆ. ನಾನು ಇದನ್ನೇ ಹಿಡಿಯೋದು ಮೇಷ್ಟ್ರೇ. ಅಪರಾಧದಿಂದ ಯಾರಿಗೆ ಲಾಭ ಅಂತ ನಾವು ಮೊದಲು ಕೇಳ್ತೀವಿ. ತಂದೆ ಸತ್ತ, ಒಬ್ಬ ಮಗ ಗದ್ದುಗೆ ಏರಿದ, ಇನ್ನೊಬ್ಬ ಮಗ ಅಪರಾಧಿ ಆದ. ಗದ್ದುಗೆ ಏರಿದವನೇ ಕೋರ್ಟು ಕೂರಿಸಿದ, ದಾಖಲೆ ಬರೆಸಿದ, ಅದನ್ನೂ ಸತ್ತವನ ಹೆಸರಲ್ಲಿ ಬರೆಸಿದ. ಈ ಕಾಗದವನ್ನು ನಂಬಿ ಪೆಂಟವೇರೆ ಅನ್ನೋ ಆ ಹುಡುಗನನ್ನು ತಪ್ಪಿತಸ್ಥ ಅನ್ನೋದು ಹೇಗೆ?

ಮೇಷ್ಟ್ರು: ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರಕ್ಕೆ ಮೊದಲು ಇನ್ನೊಂದು ವಿಷಯ ಇತ್ಯರ್ಥ ಆಗಬೇಕು. ಪೆಂಟವೇರೆಗೂ ಅವನ ತಾಯಿ ತಿಯೆಗೂ ಗದ್ದುಗೆ ತಮಗೆ ಸಿಗಬಹುದು ಅಂತ ಅನ್ನಿಸಿದ್ದಾದರೂ ಯಾಕೆ? ಹುಚ್ಚು ಆಸೆಯಿಂದ ಇಂಥ ಕೆಲಸಕ್ಕೆ ಅಷ್ಟೊಂದು ಅಧಿಕಾರಿಗಳು ಕೈ ಹಾಕಲ್ಲ.

ವಕೀಲೆ: ಹಿರಿಯ ಮಗನಿಗೆ ಪಟ್ಟ ಅನ್ನೋ ನಿಯಮ ಇರಲಿಲ್ಲವಾ?

ಮೇಷ್ಟ್ರು: ಬರೆದಿಟ್ಟ ನಿಯಮ ಇರಲಿಲ್ಲ. ಪಟ್ಟದ ರಾಣಿಯ ಹಿರಿಯ ಮಗ ಅನ್ನೋದು ಎಲ್ಲರ ನಿರೀಕ್ಷೆ, ಅಷ್ಟೇ. ಮೂರನೇ ರಾಮ್ಸೆಸ್‌ನ ಮನೆತನವನ್ನೇ ನೋಡು. ಅವನಿಗಿಂತ ಮುಂಚೆ, 19ನೇ ರಾಜವಂಶದ ಕೊನೆಯಲ್ಲಿ, ಸಿಪ್ತಾ ಅನ್ನೋ ಎಳೆಯ ರಾಜ ಇದ್ದ. ಅವನನ್ನು ತಂದೆಯ ಗದ್ದುಗೆ ಮೇಲೆ ಕೂರಿಸಿದ್ದು ನಾನೇ ಅಂತ ಬಾಯ್ ಅನ್ನೋ ಖಜಾನೆ ಅಧಿಕಾರಿ ಕಲ್ಲಿನ ಮೇಲೆ ಕೆತ್ತಿಸಿಕೊಂಡ. ಸಿಪ್ತಾನ ಆಳ್ವಿಕೆಯ ಐದನೇ ವರ್ಷದಲ್ಲಿ ಅದೇ ರಾಜ ಬಾಯ್‌ನನ್ನು ಕೊಲ್ಲಿಸಿದ. ಆ ಸುದ್ದಿಯನ್ನು ಸಮಾಧಿ ಕೆಲಸಗಾರರಿಗೆ ಮುಟ್ಟಿಸಿದ ಬರಹ ಇರುವ ಕಲ್ಲುಚೂರು ಸಿಕ್ಕಿದೆ. ಸಿಪ್ತಾ ಸತ್ತಮೇಲೆ ತೌಸ್ರೆತ್ ಅನ್ನೋ ರಾಣಿ ತಾನೇ ಫೇರೋ ಆದಳು. ಅವಳ ನಂತರ ಗದ್ದುಗೆ ಹಿಡಿದವನು ಸೆತ್‌ನಖ್ತ್, ನಮ್ಮ ರಾಮ್ಸೆಸ್‌ನ ಅಪ್ಪ. ತಾನು ಯಾವ ರಾಜನ ಮಗ ಅಂತ ಆತ ಎಲ್ಲೂ ಹೇಳಿಕೊಂಡಿಲ್ಲ. ಲಕ್ಷಾಂತರ ಜನರ ನಡುವಿನಿಂದ ದೇವರೇ ತನ್ನನ್ನು ಆರಿಸಿಕೊಂಡ ಅಂತ ಎಲಿಫೆಂಟೈನ್ ದ್ವೀಪದ ಶಾಸನದಲ್ಲಿ ಹಾಕಿಸಿದ. ತೌಸ್ರೆತ್‌ಳ ಗದ್ದುಗೆ ಮಾತ್ರ ಅಲ್ಲ, ಅವಳ ಸಮಾಧಿಯೂ ಅವನದಾಯಿತು.

ವಕೀಲೆ: ಗದ್ದುಗೆ ಹಿಡಿದುಕೊಂಡೇ ಬಂದ ಮನೆ ಅದು.

ಮೇಷ್ಟ್ರು: ಅದನ್ನು ಮರೆಸೋಕೆ ಮೂರನೇ ರಾಮ್ಸೆಸ್ ಜೀವನಪೂರ್ತಿ 19ನೇ ರಾಜವಂಶದ ಪ್ರಸಿದ್ಧ ರಾಜ ಎರಡನೇ ರಾಮ್ಸೆಸ್‌ನ ಹಾಗೆ ನಡೆದುಕೊಂಡ. ಅವನ ಹಾಗೇ ಬಿರುದು, ಅವನ ಹಾಗೇ ದೇವಾಲಯ, ಮಕ್ಕಳಿಗೂ ಅವನ ಮಕ್ಕಳ ಹೆಸರುಗಳೇ. ಖಎಮ್‌ವಾಸೆತ್, ಅಮುನ್‌ಹೆರ್‌ಖೆಪೆಶೆಫ್ ಎಲ್ಲ ಹಾಗೆ ಬಂದ ಹೆಸರುಗಳು. ಆ ಮಕ್ಕಳಲ್ಲಿ ಹಲವರು ಅಪ್ಪನಿಗಿಂತ ಮೊದಲೇ ಹೋದರು. ಥೀಬ್ಸ್‌ನ ರಾಣಿಯರ ಕಣಿವೆಯಲ್ಲಿ ಅವರ ಸಮಾಧಿಗಳಿವೆ. ಅಮುನ್‌ಹೆರ್‌ಖೆಪೆಶೆಫ್‌ನ ಗೋಡೆಚಿತ್ರಗಳಲ್ಲಿ ಅಪ್ಪನೇ ಮುಂದೆ ನಿಂತು ಮಗನನ್ನು ಒಬ್ಬೊಬ್ಬ ದೇವರಿಗೂ ಪರಿಚಯ ಮಾಡಿಸ್ತಾನೆ. ಅವುಗಳ ಬಣ್ಣ ಇವತ್ತಿಗೂ ಹೊಸದಾಗಿ ಕಾಣುತ್ತೆ. ನನಗೆ ಈಜಿಪ್ಟಿನ ಚಿತ್ರಗಳಲ್ಲೆಲ್ಲ ಅತಿ ಹೆಚ್ಚು ಸಂಕಟ ಆಗೋದು ಅದನ್ನು ನೋಡಿದಾಗಲೇ. ಹೀಗೆ ಹಿರಿಯರೆಲ್ಲ ಹೋದಮೇಲೆ, ಆಳ್ವಿಕೆಯ ಸುಮಾರು 22ನೇ ವರ್ಷದ ಹೊತ್ತಿಗೆ, ಮುಂದೆ ನಾಲ್ಕನೇ ರಾಮ್ಸೆಸ್ ಆಗುವವನು ಯುವರಾಜನಾದ.

ವಕೀಲೆ: ಯುವರಾಜ ಅಂತ ಘೋಷಣೆ ಆಗಿತ್ತು ಅಂದಮೇಲೆ ವ್ಯಾಜ್ಯಕ್ಕೆ ಜಾಗ ಎಲ್ಲಿತ್ತು?

ಮೇಷ್ಟ್ರು: ರಾಣಿಯ ಹೆಸರಿನಲ್ಲಿತ್ತು. ಥೀಬ್ಸ್‌ನಲ್ಲಿ ನೈಲ್ ನದಿಯ ಪಶ್ಚಿಮಕ್ಕೆ ಮೆದಿನೆತ್ ಹಾಬು ಅಂತ ಅವನು ಕಟ್ಟಿಸಿದ ದೊಡ್ಡ ದೇವಾಲಯ ಇದೆ. ಅದರ ಗೋಡೆಯ ಮೇಲೆ ರಾಣಿಯ ಚಿತ್ರ ಕೆತ್ತಿದ್ದಾರೆ, ಹೆಸರು ಬರೆಯೋ ಚೌಕಟ್ಟನ್ನು ಖಾಲಿ ಬಿಟ್ಟಿದ್ದಾರೆ. ರಾಜಕುಮಾರರ ಸಾಲೂ ಇದೆ. ಅವರ ಪಕ್ಕದಲ್ಲಿ ಹೆಸರುಗಳು ಬಂದಿದ್ದು ರಾಮ್ಸೆಸ್ ಸತ್ತಮೇಲೆ. ಮೂವತ್ತೊಂದು ವರ್ಷ ಆಳಿದ ರಾಜ, ಸುಮಾರು ಕ್ರಿ.ಪೂ. 1186ರಿಂದ 1155ರವರೆಗೆ, ಪಟ್ಟದ ರಾಣಿ ಯಾರು ಅನ್ನೋದನ್ನು ತನ್ನ ಅತಿ ದೊಡ್ಡ ಕಟ್ಟಡದ ಗೋಡೆಯ ಮೇಲೆ ಬರೆಸಲಿಲ್ಲ.

ವಕೀಲೆ: ಹಾಗಾದರೆ ಈ ಸಂಚಿಗೆ ಜಾಗ ಮಾಡಿಕೊಟ್ಟವನು ರಾಜನೇ. ಅಂತಃಪುರದಲ್ಲಿ ಪ್ರತಿಯೊಬ್ಬ ತಾಯಿಗೂ ಆ ಖಾಲಿ ಚೌಕಟ್ಟು ತನ್ನದೇ ಅನ್ನಿಸಿರಬೇಕು.

ಮೇಷ್ಟ್ರು: ನಾನೂ ಹಾಗೇ ಭಾವಿಸ್ತೀನಿ. ಅಂತಃಪುರ ಅಂದ ಕೂಡಲೇ ಪರದೆ, ಕಾರಂಜಿ ಅಂತ ಕಲ್ಪಿಸಿಕೊಳ್ಳಬೇಡ. ಅದಕ್ಕೆ ತನ್ನದೇ ಜಮೀನು ಇತ್ತು, ನೇಯ್ಗೆ ಕೆಲಸ ಇತ್ತು, ಲೆಕ್ಕ ಬರೆಯೋರು, ಮೇಲ್ವಿಚಾರಕರು, ಬಾಗಿಲ ಕಾವಲಿನವರು ಇದ್ದರು. ಆಡಳಿತದ ಒಂದು ಇಲಾಖೆಯೇ ಅದು. ಆದ್ದರಿಂದಲೇ ಸಂಚು ಅಲ್ಲಿಂದ ಇಷ್ಟು ದೂರ ಹರಡಿತು. ಪೆಬೆಕ್ಕಾಮೆನ್ ಅನ್ನೋ ಅರಮನೆಯ ಮುಖ್ಯ ಅಧಿಕಾರಿ ಒಳಗಿನ ಹೆಂಗಸರ ಮಾತನ್ನು ಹೊರಗಿದ್ದ ಅವರ ತಾಯಂದಿರಿಗೆ, ಅಣ್ಣತಮ್ಮಂದಿರಿಗೆ ಮುಟ್ಟಿಸಿದ. ಜನರನ್ನು ಎಬ್ಬಿಸಿ, ಒಡೆಯನ ವಿರುದ್ಧ ದಂಗೆ ಏಳಿಸಿ ಅನ್ನೋದು ಆ ಮಾತು. ಒಳಗಿದ್ದ ಒಬ್ಬಳು ನೂಬಿಯಾದಲ್ಲಿ ಬಿಲ್ಲುಗಾರರ ದಳಪತಿಯಾಗಿದ್ದ ಅಣ್ಣನಿಗೆ ಪತ್ರ ಬರೆದಳು. ಪೇಯಿಸ್ ಅನ್ನೋ ಸೇನಾಪತಿ ಸೇರಿದ. ಬಾಗಿಲ ಕಾವಲಿನವರ ಹೆಂಡತಿಯರು ಆರು ಜನ ಸೇರಿದರು. ಸುದ್ದಿ ಕಿವಿಗೆ ಬಿದ್ದರೂ ದೂರು ಕೊಡಲಿಲ್ಲ ಅಂತಲೇ ಅಂತಃಪುರದ ಎಷ್ಟೋ ಅಧಿಕಾರಿಗಳಿಗೆ ಶಿಕ್ಷೆ ಆಯಿತು.

ವಕೀಲೆ: ಮಾಟದ ವಿಷಯವೂ ಇದೆಯಲ್ಲ? ಮೇಣದ ಬೊಂಬೆಗಳು.

ಮೇಷ್ಟ್ರು: ಅದು ಬೇರೆ ತುಣುಕುಗಳಲ್ಲಿ ಬರುತ್ತೆ, ಲೀ ಮತ್ತು ರೋಲಾಂ ಅನ್ನೋ ಪಪೈರಸ್‌ಗಳಲ್ಲಿ. ಕಾವಲಿನವರ ಕೈಕಾಲು ಕಟ್ಟಿಹಾಕೋಕೆ ಮೇಣದ ಬೊಂಬೆ ಮಾಡಿ ಒಳಗೆ ಸಾಗಿಸಿದರು. ಮಂತ್ರದ ಸುರುಳಿ ಬಂದಿದ್ದು ಎಲ್ಲಿಂದ ಗೊತ್ತಾ? ರಾಜನ ಸ್ವಂತ ಸಂಗ್ರಹದಿಂದ. ತಂದವನು ದನಗಳ ಮೇಲ್ವಿಚಾರಕ. ಇದನ್ನು ಮೂಢನಂಬಿಕೆ ಅಂತ ತಳ್ಳಿಬಿಟ್ಟರೆ ಆ ಕಾಲ ಅರ್ಥ ಆಗಲ್ಲ. ಫೇರೋ ದೇವರು. ದೇವರ ಮೈಮುಟ್ಟಬೇಕು ಅಂದರೆ ದೇವರ ಶಕ್ತಿಯೇ ಬೇಕು, ಆ ಶಕ್ತಿ ಇದ್ದದ್ದು ರಾಜನ ಪುಸ್ತಕದಲ್ಲಿ. ಅವರಿಗೆ ಅದು ಕತ್ತಿಯಷ್ಟೇ ನಿಜವಾದ ಆಯುಧ. ನ್ಯಾಯಾಧೀಶರೂ ಅದನ್ನು ಹಾಗೇ ನೋಡಿದರು, ಮರಣಕ್ಕೆ ಅರ್ಹವಾದ ಅಪರಾಧ ಅಂದರು.

ವಕೀಲೆ: ಹೊರಗಿನ ಜನರನ್ನು ಎಬ್ಬಿಸಿ ಅಂದರಲ್ಲ. ಏಳೋಕೆ ಜನ ತಯಾರಿದ್ದರಾ? ಹಡಗಿನಲ್ಲಿ ಬಂದ ಸಮುದ್ರದ ಜನಾಂಗಗಳನ್ನು ಎಂಟನೇ ವರ್ಷದಲ್ಲಿ ಸೋಲಿಸಿದ ರಾಜ ಇವನು. ಲಿಬಿಯಾದವರನ್ನು ಎರಡು ಸಲ ಓಡಿಸಿದವನು.

ಮೇಷ್ಟ್ರು: ಗೆದ್ದ ಯುದ್ಧ ಇಪ್ಪತ್ತು ವರ್ಷ ಹೊಟ್ಟೆ ತುಂಬಿಸಲ್ಲ. ರಾಜರ ಸಮಾಧಿ ಕೊರೆಯುವ ಕೆಲಸಗಾರರು ದೆಯರ್ ಎಲ್ ಮದೀನಾ ಅನ್ನೋ ಊರಲ್ಲಿ ಇದ್ದರು. ಅವರ ಕೂಲಿ ಗೋಧಿ, ಬಾರ್ಲಿ. ಆಳ್ವಿಕೆಯ 29ನೇ ವರ್ಷದಲ್ಲಿ ಆ ಕಾಳು ಸರಿಯಾಗಿ ಬರೋದು ನಿಂತಿತು. ತಿಂಗಳಲ್ಲಿ ಹದಿನೆಂಟು ದಿನ ಕಳೆದರೂ ಪಡಿ ಇಲ್ಲ. ಅವರು ಕೆಲಸ ಬಿಟ್ಟು, ಕಾವಲು ಗೋಡೆಗಳನ್ನು ದಾಟಿ ಹೋಗಿ ದೇವಾಲಯಗಳ ಬಳಿ ಕೂತರು. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ಈ ಮಾತನ್ನು ಫೇರೋಗೆ ಮುಟ್ಟಿಸಿ ಅಂದರು. ಲೋಕದಲ್ಲಿ ಬರಹದಲ್ಲಿ ಉಳಿದ ಮೊದಲ ಮುಷ್ಕರ ಅದು. ಅಮೆನ್‌ನಖ್ತ್ ಅನ್ನೋ ಲಿಪಿಕಾರ ಬರೆದ ಆ ದಾಖಲೆಯೂ ಅದೇ ಟ್ಯೂರಿನ್ ಮ್ಯೂಸಿಯಂನಲ್ಲಿದೆ. ಇಷ್ಟಾದರೂ ದೇವಾಲಯಗಳಿಗೆ ರಾಜ ಕೊಟ್ಟ ಜಮೀನು, ದನ, ಚಿನ್ನದ ಪಟ್ಟಿ ಮಾಡಿದ ಇನ್ನೊಂದು ಸುರುಳಿ ನಲವತ್ತು ಮೀಟರಿಗೂ ಹೆಚ್ಚು ಉದ್ದ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹ್ಯಾರಿಸ್ ಪಪೈರಸ್ ಅದು.

ವಕೀಲೆ: ಅದನ್ನೂ ಸತ್ತ ರಾಜನೇ ಹೇಳ್ತಾನೆ ಅಲ್ವಾ?

ಮೇಷ್ಟ್ರು: ಹೌದು. ಕೊನೆಯಲ್ಲಿ ನನ್ನ ಮಗನ ಮಾತು ಕೇಳಿ, ಅವನಿಗೆ ನಿಷ್ಠರಾಗಿರಿ ಅಂತ ಜನರನ್ನು ಕೇಳಿಕೊಳ್ತಾನೆ. ಬರೆಸಿದವನು ಅದೇ ಮಗ.

ವಕೀಲೆ: ಹೆಸರುಗಳ ವಿಷಯಕ್ಕೆ ಬರ್ತೀನಿ. ಆರೋಪಿಗಳ ಹೆಸರುಗಳೇ ತೀರ್ಪಿನ ಹಾಗಿವೆ. ಒಬ್ಬ ಮೆಸೆದ್‌ಸುರೆ, ಅಂದರೆ ರೇ ದೇವರು ದ್ವೇಷಿಸುವವನು. ಆ ನೂಬಿಯಾದ ದಳಪತಿ ಬಿನೆಮ್‌ವಾಸೆತ್, ಥೀಬ್ಸ್‌ನಲ್ಲಿ ಕೆಡುಕು. ಯಾವ ತಾಯಿ ಮಗುವಿಗೆ ಹಾಗೆ ಹೆಸರಿಡ್ತಾಳೆ?

ಮೇಷ್ಟ್ರು: ಇಟ್ಟಿದ್ದು ನ್ಯಾಯಾಲಯ. ಮೊದಲನೆಯವನು ಬಹುಶಃ ಮೆರಿರೆ, ರೇ ದೇವರಿಗೆ ಪ್ರಿಯ. ದಳಪತಿ ಖಎಮ್‌ವಾಸೆತ್ ಆಗಿದ್ದಿರಬೇಕು. ಈಜಿಪ್ಟಿನವರ ಪ್ರಕಾರ ಸತ್ತಮೇಲೂ ಮನುಷ್ಯ ಉಳಿಯೋಕೆ ಎರಡು ಬೇಕು: ಕೆಡದ ದೇಹ, ಯಾರಾದರೂ ಉಚ್ಚರಿಸುವ ಹೆಸರು. ಹೆಸರು ಕೆಡಿಸೋದು ಅವಮಾನ ಮಾಡೋಕೆ ಅಲ್ಲ. ಮರಣದಂಡನೆ ಇಲ್ಲಿ ಮುಗಿಸಿದ್ದನ್ನು ಪರಲೋಕದಲ್ಲೂ ಮುಗಿಸೋಕೆ. ಪೆಂಟವೇರೆಯನ್ನು ಆ ಇನ್ನೊಂದು ಹೆಸರಿನಿಂದ ಕರೆಯಲಾಗುತ್ತಿದ್ದವನು ಅಂತ ದಾಖಲೆಯೇ ಹೇಳುತ್ತೆ. ಅವನ ನಿಜವಾದ ಹೆಸರು ಅದಲ್ಲ.

ವಕೀಲೆ: ಅಂದರೆ ದಾಖಲೆಯೇ ಶಿಕ್ಷೆ. ಇದು ವಿಚಾರಣೆಯ ವರದಿ ಅಂತ ಓದಿದ್ದೇ ನನ್ನನ್ನು ದಾರಿ ತಪ್ಪಿಸಿದ್ದು. ಆದರೂ ಒಂದು ಭಾಗ ಓದಿದಾಗ ಬೆಚ್ಚಿದೆ. ನ್ಯಾಯಾಧೀಶರೇ ಸಿಕ್ಕಿಬಿದ್ದಿದ್ದಾರೆ.

ಮೇಷ್ಟ್ರು: ಹನ್ನೆರಡರಲ್ಲಿ ಕೆಲವರು ವಿಚಾರಣೆ ನಡೀತಿರುವಾಗಲೇ ಆರೋಪಿ ಹೆಂಗಸರ ಜೊತೆ, ಸೇನಾಪತಿ ಪೇಯಿಸ್ ಜೊತೆ ಸೇರಿ ಕುಡಿದು ಮೋಜು ಮಾಡಿದರು. ಪೈಬೆಸೆ ಅನ್ನೋ ಅರಮನೆಯ ಪಾನಸೇವಕ, ಮಾಯ್ ಅನ್ನೋ ಲಿಪಿಕಾರ, ಇಬ್ಬರ ಕಿವಿ ಮೂಗು ಕತ್ತರಿಸಿದರು. ಪೈಬೆಸೆ ಆಮೇಲೆ ತಾನೇ ಪ್ರಾಣ ಕಳೆದುಕೊಂಡ. ಹೋರಿ ಅನ್ನೋ ಧ್ವಜಧಾರಿಯನ್ನು ಬೈದು ಬಿಟ್ಟರು. ಇದಕ್ಕೇ ನಾನು ಆ ಕಾಗದವನ್ನು ಪೂರ್ತಿ ಕಟ್ಟುಕಥೆ ಅನ್ನಲ್ಲ. ಕಥೆ ಕಟ್ಟುವವನು ತನ್ನ ಕೋರ್ಟಿನ ಹೊಲಸನ್ನು ಅದರೊಳಗೆ ಬರೆಸಲ್ಲ.

ವಕೀಲೆ: ಅಲ್ಲೂ ನನಗೆ ಅನುಮಾನ ಇದೆ. ರಾಜನಿಗೆ ಬೇಕಾದ ತೀರ್ಪು ಕೊಡದ ನ್ಯಾಯಾಧೀಶರನ್ನು ತೆಗೆಯೋಕೆ ಅದು ಸುಲಭದ ದಾರಿ.

ಮೇಷ್ಟ್ರು: ಇರಬಹುದು. ಆದರೆ ಅದಕ್ಕಿಂತ ಸುಲಭದ ದಾರಿ ಮೊದಲೇ ಇತ್ತು. ಇದಕ್ಕೆ ಸಾವಿರ ವರ್ಷಕ್ಕೂ ಹಿಂದೆ, ಒಂದನೇ ಪೆಪಿಯ ಕಾಲದಲ್ಲಿ, ಒಬ್ಬ ರಾಣಿಯ ಮೇಲೆ ಗುಟ್ಟಾಗಿ ವಿಚಾರಣೆ ನಡೀತು. ಅದನ್ನು ನಡೆಸಿದ ವೇನಿ ಅನ್ನೋ ಅಧಿಕಾರಿ ಅಬಿಡೋಸ್‌ನ ತನ್ನ ಸಮಾಧಿಯಲ್ಲಿ ಹೆಮ್ಮೆಯಿಂದ ಬರೆಸಿಕೊಂಡಿದ್ದಾನೆ: ಮುಖ್ಯಮಂತ್ರಿಯೂ ಇರಲಿಲ್ಲ, ತಾನು ಮತ್ತೊಬ್ಬ ಅಧಿಕಾರಿ ಮಾತ್ರ ಕೇಳಿ ಬರೆದೆವು ಅಂತ. ರಾಣಿ ಏನು ಮಾಡಿದಳು ಅಂತ ಮಾತ್ರ ಹೇಳಿಲ್ಲ. ರಾಮ್ಸೆಸ್ ಮನೆಯವರು ಬಾಯಿ ಮುಚ್ಚಿಸೋಕೆ ಹೊರಟಿದ್ದರೆ ಆ ಮಾದರಿ ಕಣ್ಣ ಮುಂದಿತ್ತು. ಅವರು ಬರೆಸಿದರು. ಇನ್ನು ನಿನಗೆ ಬೇಕಾದ ಸಾಕ್ಷಿಗೆ ಬರೋಣ, ಶವಪರೀಕ್ಷೆಗೆ.

ವಕೀಲೆ: ಸಿಟಿ ಸ್ಕ್ಯಾನ್ ಮಾಡಿದ್ದಾರೆ ಅಂತ ಓದಿದ್ದೆ.

ಮೇಷ್ಟ್ರು: ಮೂರನೇ ರಾಮ್ಸೆಸ್‌ನ ಮಮ್ಮಿ ಲೋಕಕ್ಕೆ ಗೊತ್ತಾಗಿದ್ದು 1881ರಲ್ಲಿ, ದೆಯರ್ ಎಲ್ ಬಹ್ರಿಯ ಬಂಡೆಯೊಳಗೆ ಪುರೋಹಿತರು ರಾಜರ ದೇಹಗಳನ್ನೆಲ್ಲ ಒಟ್ಟಿಗೆ ಬಚ್ಚಿಟ್ಟ ಗುಹೆ ಸಿಕ್ಕಾಗ. 1886ರಲ್ಲಿ ಫ್ರೆಂಚ್ ವಿದ್ವಾಂಸ ಮಾಸ್ಪೆರೋ ಬಟ್ಟೆ ಬಿಚ್ಚಿ ನೋಡಿದ. ಗಾಯ ಕಾಣಲಿಲ್ಲ, ಯಾಕೆಂದರೆ ಕುತ್ತಿಗೆ ಸುತ್ತ ದಪ್ಪ ಬಟ್ಟೆಯ ಪಟ್ಟಿ ಹಾಗೇ ಉಳಿದಿತ್ತು. 2012ರಲ್ಲಿ ಜಾಹಿ ಹವಾಸ್, ಆಲ್ಬರ್ಟ್ ಜಿಂಕ್ ಮತ್ತು ಜೊತೆಯವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಸ್ಕ್ಯಾನ್ ಆ ಪಟ್ಟಿಯ ಒಳಗೆ ನೋಡಿತು. ಗಂಟಲಿನ ಅಡ್ಡಕ್ಕೆ ಸುಮಾರು ಏಳು ಸೆಂಟಿಮೀಟರ್ ಅಗಲದ ಇರಿತ, ಬೆನ್ನುಮೂಳೆಯವರೆಗೆ. ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳು ಎಲ್ಲ ಕತ್ತರಿಸಿವೆ. ಅಷ್ಟಾದಮೇಲೆ ಮನುಷ್ಯ ಬದುಕಲ್ಲ. ಗಾಯದೊಳಗೆ ಒಂದು ಚಿಕ್ಕ ತಾಯಿತ ಸಿಕ್ಕಿತು, ಓಸಿರಿಸ್‌ನ ಮಗ ಹೋರಸ್‌ನ ಕಣ್ಣು. ಮುರಿದದ್ದನ್ನು ಮತ್ತೆ ಕೂಡಿಸೋ ಕಣ್ಣು ಅದು. ಮಮ್ಮಿ ಮಾಡುವವರು ಆ ಗಾಯವನ್ನು ಪರಲೋಕದಲ್ಲಿ ವಾಸಿ ಮಾಡೋಕೆ ಇಟ್ಟಿದ್ದು.

ವಕೀಲೆ: ಕೊಲೆ ನಡೆದಿದೆ. ಅಷ್ಟು ಒಪ್ಪಿದೆ. ಹುಡುಗನ ವಿಷಯ?

ಮೇಷ್ಟ್ರು: ಅದೇ ಗುಹೆಯಲ್ಲಿ ಹೆಸರಿಲ್ಲದ ಪೆಟ್ಟಿಗೆಯಲ್ಲಿ ಇನ್ನೊಂದು ದೇಹ ಇತ್ತು. ಬಾಯಿ ತೆರೆದು ಕೂಗುವ ಹಾಗೆ ಕಾಣುತ್ತೆ. ಅನಾಮಿಕ ಪುರುಷ ಇ ಅಂತ ಅದನ್ನು ಗುರುತಿಸ್ತಾರೆ. ರಾಜನ ದೇಹಗಳಿಗೆ ಮಾಡೋ ಹಾಗೆ ಒಳಗಿನ ಅಂಗ ತೆಗೆದಿಲ್ಲ, ಮೆದುಳು ತೆಗೆದಿಲ್ಲ. ಮೇಲೆ ಹೊದಿಸಿದ್ದು ಮೇಕೆಯ ಚರ್ಮ, ದೇವಕಾರ್ಯಕ್ಕೆ ಮೈಲಿಗೆಯಾದ ವಸ್ತು. ವಯಸ್ಸು ಹದಿನೆಂಟರಿಂದ ಇಪ್ಪತ್ತರ ಆಸುಪಾಸು. ಅದೇ 2012ರ ಡಿಎನ್‌ಎ ಪರೀಕ್ಷೆ ಅವನು ಮೂರನೇ ರಾಮ್ಸೆಸ್‌ನ ಮಗನಿರಬಹುದು ಅಂತ ತೋರಿಸಿತು. ಕುತ್ತಿಗೆಯ ಸುತ್ತ ಚರ್ಮ ಒತ್ತಿಹೋದ ಗುರುತು, ಎದೆ ಉಬ್ಬಿದ ಗುರುತು, ಉಸಿರು ಕಟ್ಟಿ ಸತ್ತಿದ್ದರೆ ಹೊಂದುವಂಥವು. ದಾಖಲೆಯಲ್ಲಿ ಪೆಂಟವೇರೆ ಬಗ್ಗೆ ಇರೋದು ಇಷ್ಟೇ: ಅವನನ್ನು ತಪ್ಪಿತಸ್ಥ ಅಂದರು, ಇದ್ದಲ್ಲೇ ಬಿಟ್ಟು ಹೋದರು, ಅವನು ತಾನೇ ಪ್ರಾಣ ಬಿಟ್ಟ.

ವಕೀಲೆ: ದಾಖಲೆ ಹೇಳಿದ್ದನ್ನು ದೇಹ ಹೊಂದಿಕೊಂಡು ತೋರಿಸುತ್ತೆ. ಆದರೆ ನಾನು ಕೇಳಿದ್ದು ಅದಲ್ಲ. ಒಬ್ಬ ರಾಜಕುಮಾರ ಸತ್ತ ಅನ್ನೋದು ಸಾಬೀತಾಯಿತು, ಅವನು ಸಂಚು ಮಾಡಿದ ಅನ್ನೋದು ಸಾಬೀತಾಗಲಿಲ್ಲ. ಹದಿನೆಂಟು ವರ್ಷದ ಹುಡುಗನಿಗೆ ತಾಯಿ ನಡೆಸಿದ ಸಂಚಿನಲ್ಲಿ ಎಷ್ಟು ಪಾಲು ಇತ್ತು? ದಾಖಲೆಯೇ ಹೇಳೋ ಹಾಗೆ ಅವನ ಅಪರಾಧ, ತಾಯಿ ಹೆಂಗಸರ ಜೊತೆ ಬಂಡಾಯದ ಮಾತಾಡ್ತಿದ್ದಾಗ ಅವಳ ಜೊತೆ ಸೇರಿದ್ದು. ಅಷ್ಟೇ.

ಮೇಷ್ಟ್ರು: ಆ ವಾದ ನಿನ್ನದು, ಅದನ್ನು ನಾನು ಮುರಿಯಲ್ಲ. ನನಗೆ ಮುಖ್ಯ ಅನ್ನಿಸೋದು ಬೇರೆ. ಸಂಚುಗಾರರು ರಾಜನನ್ನು ಕೊಂದರು, ಅಂದುಕೊಂಡದ್ದು ನಡೀತು. ಆದರೂ ಸೋತರು. ಯಾಕೆ?

ವಕೀಲೆ: ಯುವರಾಜ ಬದುಕಿದ್ದ.

ಮೇಷ್ಟ್ರು: ಬದುಕಿದ್ದ, ಜೊತೆಗೆ ಶವ ಅವನ ಕೈಯಲ್ಲಿತ್ತು. ಈಜಿಪ್ಟಿನಲ್ಲಿ ಗದ್ದುಗೆಗೆ ಹಕ್ಕು ಹುಟ್ಟಿನಿಂದ ಅರ್ಧ ಬರುತ್ತೆ, ಉಳಿದ ಅರ್ಧ ಬರೋದು ಅಂತ್ಯಸಂಸ್ಕಾರದಿಂದ. ಸತ್ತ ರಾಜ ಓಸಿರಿಸ್, ಅವನನ್ನು ಮಣ್ಣು ಮಾಡಿದವನು ಹೋರಸ್, ಹೋರಸ್ ಅಂದರೆ ಹೊಸ ರಾಜ. ತುತಾಂಖಾಮುನ್‌ನ ಸಮಾಧಿಯ ಗೋಡೆ ನೆನಪಿಸಿಕೋ. ಮಕ್ಕಳಿಲ್ಲದ ಹುಡುಗ ರಾಜ ಸತ್ತ. ಅವನ ಮುದುಕ ಮಂತ್ರಿ ಐ, ಚಿರತೆಯ ಚರ್ಮ ಹೊದ್ದು, ತಲೆ ಮೇಲೆ ನೀಲಿ ಕಿರೀಟ ಇಟ್ಟುಕೊಂಡು, ಮಮ್ಮಿಯ ಬಾಯಿ ತೆರೆಸುವ ಸಂಸ್ಕಾರ ಮಾಡ್ತಿದ್ದಾನೆ. ಸಮಾಧಿಯ ಬಾಗಿಲು ಮುಚ್ಚುವುದಕ್ಕೆ ಮೊದಲೇ ಅವನು ಫೇರೋ. ರಕ್ತಸಂಬಂಧದ ಹಕ್ಕು ಇಲ್ಲದವನು ಆ ಚಿತ್ರದಿಂದಲೇ ಹಕ್ಕು ಪಡೆದ.

ವಕೀಲೆ: ಹಾಗಾದರೆ ನಾಲ್ಕನೇ ರಾಮ್ಸೆಸ್ ಎಷ್ಟು ಬೇಗ ಕೈ ಹಾಕಿದ?

ಮೇಷ್ಟ್ರು: 32ನೇ ವರ್ಷದ ಬೇಸಿಗೆಯ ಮೂರನೇ ತಿಂಗಳಲ್ಲಿ ಸಮಾಧಿ ಕೆಲಸಗಾರರ ಊರಿಗೆ ಅಧಿಕಾರಿ ಬಂದು ಸುದ್ದಿ ಹೇಳಿದ: ಗಿಡುಗ ಆಕಾಶಕ್ಕೆ ಹಾರಿತು. ರಾಜ ತೀರಿಕೊಂಡ ಅನ್ನೋದಕ್ಕೆ ಅವರ ಮಾತು ಅದು. ಅದೇ ಸುದ್ದಿಯ ಜೊತೆ ಹೊಸ ರಾಜ ಅವನ ಜಾಗದಲ್ಲಿ ಕೂತಿದ್ದಾನೆ ಅನ್ನೋದೂ ಬಂತು. ನಡುವೆ ಒಂದು ದಿನದ ಬಿಡುವೂ ಇಲ್ಲ. ಸಂಚಿನವರು ನೂಬಿಯಾದಿಂದ ಬಿಲ್ಲುಗಾರರನ್ನು ಕಾಯ್ತಿದ್ದಿರಬೇಕು, ಜನ ಏಳೋದನ್ನು ಕಾಯ್ತಿದ್ದಿರಬೇಕು. ಅವರ ಯೋಜನೆಗೆ ಬೇಕಿದ್ದದ್ದು ಗದ್ದುಗೆ ಖಾಲಿ ಇರೋ ಕೆಲವು ದಿನ. ಅದು ಸಿಗಲಿಲ್ಲ. ಆಮೇಲೆ ಮಗ ಅಪ್ಪನನ್ನು ರಾಜರ ಕಣಿವೆಯಲ್ಲಿ ಮಣ್ಣು ಮಾಡಿದ, ಗಾಯದಲ್ಲಿ ಹೋರಸ್‌ನ ಕಣ್ಣು ಇಡಿಸಿದ, ಅಪ್ಪನ ಬಾಯಲ್ಲಿ ಎರಡು ಸುರುಳಿ ಬರೆಸಿದ, ತಮ್ಮನನ್ನು ಬಹುಶಃ ಮೇಕೆಯ ಚರ್ಮದಲ್ಲಿ ಸುತ್ತಿಸಿದ. ಎಲ್ಲವೂ ಒಂದೇ ಕೆಲಸದ ಭಾಗಗಳು.

ವಕೀಲೆ: ತಿಯೆ ಏನಾದಳು?

ಮೇಷ್ಟ್ರು: ಉಳಿದ ಭಾಗದಲ್ಲಿ ಅವಳ ಶಿಕ್ಷೆಯ ವಿಷಯ ಇಲ್ಲ. ಸುರುಳಿಯ ಆರಂಭ ಹರಿದುಹೋಗಿದೆ. ಅವಳ ಹೆಸರನ್ನು ಕೆಡಿಸಿಲ್ಲ ಅನ್ನೋದನ್ನು ನೀನು ಗಮನಿಸಬೇಕು. ಎಷ್ಟೋ ಜನರ ಹೆಸರನ್ನು ವಿಕಾರ ಮಾಡಿದವರು ಮುಖ್ಯ ಆರೋಪಿಯ ಹೆಸರನ್ನು ಹಾಗೇ ಬಿಟ್ಟರು.

ವಕೀಲೆ: ಅವಳು ರಾಜನ ಹೆಂಡತಿ ಅಂತ ಅವರೂ ಒಪ್ಪಿದ್ದಾರೆ ಅಂತ ನಾನು ಓದ್ತೀನಿ. ಗೋಡೆಯ ಮೇಲಿನ ಖಾಲಿ ಚೌಕಟ್ಟಿಗೆ ಅವಳಿಗೂ ಹಕ್ಕಿತ್ತು. ಮಗನಿಗೆ ಹಕ್ಕಿಲ್ಲ ಅಂತ ದಾಖಲೆ ಎಲ್ಲೂ ಹೇಳಲ್ಲ, ಬಂಡಾಯ ಮಾಡಿದ ಅಂತ ಮಾತ್ರ ಹೇಳುತ್ತೆ.

ಮೇಷ್ಟ್ರು: ಅದನ್ನು ನಾನು ಗಂಭೀರವಾಗಿ ತಗೊಳ್ತೀನಿ. ಆ ಮನೆತನಕ್ಕೂ ಅದು ಗೊತ್ತಿತ್ತು. ನಾಲ್ಕನೇ ರಾಮ್ಸೆಸ್ ಸಮಾಧಿ ಕೆಲಸಗಾರರ ಸಂಖ್ಯೆಯನ್ನು 120ಕ್ಕೆ ಏರಿಸಿದ. ಕಲ್ಲು ತರೋಕೆ ವಾದಿ ಹಮ್ಮಾಮತ್‌ಗೆ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಕಳಿಸಿದ, ಅವರಲ್ಲಿ 900 ಜನ ಸತ್ತರು. ಅಬಿಡೋಸ್‌ನಲ್ಲಿ ಓಸಿರಿಸ್ ಮುಂದೆ ನಿಂತು, 67 ವರ್ಷ ಆಳಿದ ಎರಡನೇ ರಾಮ್ಸೆಸ್‌ಗೆ ಕೊಟ್ಟ ಆಯುಷ್ಯದ ಎರಡರಷ್ಟು ತನಗೆ ಕೊಡು ಅಂತ ಕೇಳಿದ. ಆರು ವರ್ಷ ಆಳಿ ಸತ್ತ. ಅವನ ನಂತರ ಐದನೇ ರಾಮ್ಸೆಸ್ ಬಂದ. ಅವನೂ ಸುಮಾರು ನಾಲ್ಕು ವರ್ಷಕ್ಕೆ ಹೋದ. ಅವನ ಕಾಲದಲ್ಲಿ ಥೀಬ್ಸ್‌ನಲ್ಲಿ ನಕಲಾದ ಒಂದು ಕಥೆ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ, ಹೋರಸ್ ಮತ್ತು ಸೆತ್ ನಡುವಿನ ವ್ಯಾಜ್ಯ. ದೇವತೆಗಳ ನ್ಯಾಯಾಲಯದಲ್ಲಿ ಎಂಬತ್ತು ವರ್ಷ ನಡೆದ ಮೊಕದ್ದಮೆ. ಸತ್ತ ಓಸಿರಿಸ್‌ನ ಗದ್ದುಗೆ ಎಳೆಯ ಮಗನಿಗೋ, ಬಲಶಾಲಿ ತಮ್ಮನಿಗೋ? ದೇವತೆಗಳು ಒಂದು ಸಲ ಹೀಗೆ, ಒಂದು ಸಲ ಹಾಗೆ ವಾಲ್ತಾರೆ. ಕೊನೆಗೆ ಸತ್ತವರ ಲೋಕದಿಂದ ಓಸಿರಿಸ್ ಬೆದರಿಕೆಯ ಪತ್ರ ಬರೆದ ಮೇಲೆ ಮಗನಿಗೆ ಕೊಡ್ತಾರೆ.

ವಕೀಲೆ: ಐದನೇ ರಾಮ್ಸೆಸ್‌ನ ನಂತರ ಬಂದವನು ಮಗನೋ ಚಿಕ್ಕಪ್ಪನೋ?

ಮೇಷ್ಟ್ರು: ಚಿಕ್ಕಪ್ಪ. ಆರನೇ ರಾಮ್ಸೆಸ್, ಮೂರನೇ ರಾಮ್ಸೆಸ್‌ನ ಇನ್ನೊಬ್ಬ ಮಗ. ಐದನೆಯವನ ದೇಹವನ್ನು ಮಣ್ಣು ಮಾಡಿದ್ದು ಆರನೆಯವನ ಎರಡನೇ ವರ್ಷದಲ್ಲಿ ಅಂತ ಕೆಲಸಗಾರರ ಕಲ್ಲುಚೂರೊಂದು ಹೇಳುತ್ತೆ. ವಾಡಿಕೆ ಇದ್ದದ್ದು ಎಪ್ಪತ್ತು ದಿನ.

ವಕೀಲೆ: ಇದು ನಿಮ್ಮ ವಾದಕ್ಕೇ ವಿರುದ್ಧ ಮೇಷ್ಟ್ರೇ. ಮೊದಲು ಗದ್ದುಗೆ, ಆಮೇಲೆ ಯಾವಾಗಲೋ ಸಂಸ್ಕಾರ.

ಮೇಷ್ಟ್ರು: ಮೂರನೇ ರಾಮ್ಸೆಸ್‌ನ ಕೊಲೆಯಾಗಿ ಹತ್ತು ಹನ್ನೆರಡು ವರ್ಷಕ್ಕೆ ಪದ್ಧತಿ ಅಲ್ಲಿಗೆ ಬಂದು ನಿಂತಿತ್ತು ಅಂತ ನಾನು ಓದ್ತೀನಿ. ಆದರೂ ಅವನು ಮಣ್ಣು ಮಾಡದೆ ಬಿಡಲಿಲ್ಲ, ಬಿಡೋಕೆ ಆಗುತ್ತಿರಲಿಲ್ಲ. ಐದನೆಯವನು ತನಗಾಗಿ ಕೊರೆಸುತ್ತಿದ್ದ ಸಮಾಧಿಯನ್ನು ತನ್ನದು ಮಾಡಿಕೊಂಡು ಮುಂದುವರಿಸಿದ. ಕಾರ್ನಾಕ್‌ನಲ್ಲಿ ನಾಲ್ಕನೇ ರಾಮ್ಸೆಸ್‌ನ ಹೆಸರುಗಳನ್ನು ಕೆತ್ತಿಹಾಕಿ ತನ್ನ ಹೆಸರು ಬರೆಸಿದ. ಮೂರನೇ ರಾಮ್ಸೆಸ್‌ನ ಹೆಸರನ್ನು ಮಾತ್ರ ಮುಟ್ಟಲಿಲ್ಲ. ತನ್ನ ಹಕ್ಕು ಸಹೋದರನಿಂದ ಬಂದಿದ್ದಲ್ಲ, ನೇರವಾಗಿ ಅಪ್ಪನಿಂದ ಬಂದಿದ್ದು ಅಂತ ಹೇಳೋಕೆ ಅವನಿಗೆ ಆ ಹೆಸರು ಬೇಕಿತ್ತು.